‘ಕಾಂಜ್ಯೂರಿಂಗ್ 2’ ನೋಡುವುದಾದರೆ ಹೀಗೆ ನೋಡಿ

ಬಸ್ಸಲ್ಲಿ ಕೂತು, ಮೊಬೈಲ್‌ನಲ್ಲಿ, ಮಧ್ಯೆ ಮಧ್ಯೆ ಮೆಸೇಜ್ ನೋಡುತ್ತಾ ‘ದಿ ಕಾಂಜ್ಯೂರಿಂಗ್ 2’ ಮುಗಿಸಿದವರೇ ಜಾಸ್ತಿ ಹೇಳುವುದು, ಹೆದರಿಕೆನೇ ಆಗಲಿಲ್ಲ ಅಂತ. ಹೇಗೆ ಆಗುತ್ತೆ? 2016ರಲ್ಲಿ ಜೇಮ್ಸ್ ವಾನ್ ಮಾಡಿದ ಈ ದೆವ್ವದ ಸಿನಿಮಾದಲ್ಲಿ ಹೆದರಿಸುವುದೆಲ್ಲ ಕತ್ತಲ ಮೂಲೆಯಲ್ಲಿ, ಮಸುಕಾದ ಹಿನ್ನೆಲೆಯಲ್ಲಿ, ಪಕ್ಕದ ರೂಮಿನ ಸದ್ದಿನಲ್ಲಿ ಇದೆ. ಸಣ್ಣ ಪರದೆಯಲ್ಲಿ ಅದು ಕಾಣಿಸುವುದೇ ಇಲ್ಲ.

ಹಾಗಾಗಿ ಮೊದಲು ಟಿವಿ ಸೆಟಿಂಗ್ಸ್‌ಗೆ ಹೋಗಿ. ದೃಶ್ಯವನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಇದ್ದರೆ ಆಫ್ ಮಾಡಿ, ಅದು ಯಾವ ಸಿನಿಮಾವನ್ನಾದರೂ ಸೀರಿಯಲ್ ಥರ ಮಾಡಿಬಿಡುತ್ತದೆ. ಸೌಂಡಿನಲ್ಲಿ ನೈಟ್ ಮೋಡ್ ಅಂತ ಒಂದಿರುತ್ತದೆ, ಅದೂ ಬೇಡ. ಪಿಸುಮಾತನ್ನೂ ಕಿರುಚಾಟವನ್ನೂ ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ತರುವುದೇ ಅದರ ಕೆಲಸ, ನಮಗೆ ಬೇಕಿರುವುದು ಆ ವ್ಯತ್ಯಾಸವೇ. ಅಕ್ಕಪಕ್ಕದವರು ಮಲಗಿದ್ದಾರೆ ಅಂದರೆ ಹೆಡ್‌ಫೋನ್ ಹಾಕಿಕೊಳ್ಳಿ. ಲೈಟ್ ಆರಿಸಿ, ಕಿಟಕಿಯ ಬೆಳಕು ಪರದೆ ಮೇಲೆ ಬೀಳದಂತೆ ನೋಡಿಕೊಳ್ಳಿ. ಲಂಡನ್ನಿನ ಮಾತು ಕಿವಿಗೆ ಬೀಳುವುದು ಕಷ್ಟವಾದರೆ ಸಬ್‌ಟೈಟಲ್ ಇರಲಿ, ಅದರಿಂದ ಮರ್ಯಾದೆ ಏನೂ ಹೋಗುವುದಿಲ್ಲ. ಸಿನಿಮಾ ಎರಡು ಗಂಟೆ ಹದಿನಾಲ್ಕು ನಿಮಿಷ ಇದೆ, ಊಟ ಮುಗಿಸಿಯೇ ಕೂರಿ. ಚಿಕ್ಕ ಮಕ್ಕಳು ಬೇಡವೇ ಬೇಡ.

2013ರ ಮೊದಲ ಭಾಗ ನೋಡಿದ್ದರೆ ಒಳ್ಳೆಯದು. ನೋಡದಿದ್ದರೂ ನಡೆಯುತ್ತದೆ, ಎಡ್ ಮತ್ತು ಲೊರೇನ್ ವಾರೆನ್ ಅನ್ನುವ ಗಂಡ ಹೆಂಡತಿ ದೆವ್ವದ ಕೇಸುಗಳನ್ನು ತನಿಖೆ ಮಾಡುತ್ತಿದ್ದರು ಅನ್ನುವಷ್ಟು ಗೊತ್ತಿದ್ದರೆ ಸಾಕು. ಇದೇ ಸರಣಿಯ ‘ಅನಾಬೆಲ್’ ಗೊಂಬೆಯ ಸಿನಿಮಾಗಳು ಸದ್ಯಕ್ಕೆ ಬೇಡ. ಆದರೆ ಶುರುವಿನ ದೃಶ್ಯ ನಮ್ಮಲ್ಲಿ ಅನೇಕರಿಗೆ ಅರ್ಥವಾಗುವುದಿಲ್ಲ, ಅಮೆರಿಕದವರಿಗೆ ಗೊತ್ತೇ ಇರುತ್ತದೆ ಅಂತ ವಿವರಿಸದೆ ಬಿಟ್ಟಿದ್ದಾರೆ. ಅದು ನ್ಯೂಯಾರ್ಕ್ ರಾಜ್ಯದ ಅಮಿಟಿವಿಲ್ ಮನೆ. 1974ರಲ್ಲಿ ರೊನಾಲ್ಡ್ ಡಿಫಿಯೊ ಅನ್ನುವವನು ಅಲ್ಲಿ ತನ್ನದೇ ಮನೆಯ ಆರು ಜನರನ್ನು ಗುಂಡಿಟ್ಟು ಕೊಂದ. ಮುಂದಿನ ವರ್ಷ ಬಂದ ಲುಟ್ಜ್ ಕುಟುಂಬ 28 ದಿನಕ್ಕೇ ಮನೆ ಬಿಟ್ಟು ಹೋಯಿತು. ಇಷ್ಟು ತಿಳಿದಿದ್ದರೆ ಲೊರೇನ್ ಬಂದೂಕು ಹಿಡಿದವಳಂತೆ ಕೈ ಎತ್ತಿ ಯಾಕೆ ನಡೆಯುತ್ತಾಳೆ ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಆಮೇಲೆ ಕಥೆ ಲಂಡನ್ನಿನ ಎನ್‌ಫೀಲ್ಡ್‌ಗೆ ಹೋಗುತ್ತದೆ, ಅಲ್ಲಿ ಪೆಗ್ಗಿ ಹಾಡ್ಜ್‌ಸನ್ ಅನ್ನುವ ತಾಯಿ ಮತ್ತು ಅವಳ ಮಕ್ಕಳಿರುವ ಮನೆಯಲ್ಲಿ ದೆವ್ವದ ಕಾಟ. ಇಲ್ಲಿಂದ ಮಾತಾಡುತ್ತಿರುವವರನ್ನು ನೋಡುತ್ತಾ ಕೂರಬೇಡಿ, ಅವರ ಹಿಂದೆ ನೋಡಿ. ಎಡ್ ಹುಡುಗಿ ಜಾನೆಟ್‌ಗೆ ಬೆನ್ನು ಹಾಕಿ ಕೂತು, ಅವಳ ಬಾಯಿಂದ ಬರುವ ಮುದುಕನ ಧ್ವನಿಯ ಜೊತೆ ಮಾತಾಡುವ ದೃಶ್ಯ ಇದೆಯಲ್ಲ, ಕ್ಯಾಮೆರಾ ಎಡ್ ಮುಖ ಬಿಟ್ಟು ಕದಲುವುದೇ ಇಲ್ಲ. ಹಿಂದೆ ಮಂಜಾಗಿ ಕಾಣುವ ಆ ಆಕಾರದ ಮೇಲೆ ಮಾತ್ರ ಕಣ್ಣಿಡಿ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಅದಕ್ಕಿಂತ ಚೆನ್ನಾಗಿ ಮಾಡಿದ್ದು ಇನ್ನೊಂದಿಲ್ಲ. ಉದ್ದ ಕಾಲಿನ ಸೊಟ್ಟ ಮನುಷ್ಯ ಬರುವಾಗ ಬೇಕಾದರೆ ನೀರು ಕುಡಿದು ಬನ್ನಿ, ಆ ಭಾಗ ಮಕ್ಕಳ ಕಾರ್ಟೂನ್ ಥರ ಇದೆ. ಎಡ್ ಗಿಟಾರ್ ಹಿಡಿದು ಎಲ್ವಿಸ್ ಹಾಡು ಹಾಡುವುದನ್ನು ಮಾತ್ರ ಓಡಿಸಬೇಡಿ. ಆ ಮನೆಯವರ ಮೇಲೆ ಪ್ರೀತಿ ಹುಟ್ಟುವುದು ಅಲ್ಲೇ, ಆಮೇಲಿನ ಹೆದರಿಕೆಗೆ ಅದೇ ಆಧಾರ.

ಕೊನೆಯಲ್ಲಿ ಹೆಸರುಗಳು ಬರುತ್ತಿರುವಾಗ ಟಿವಿ ಆರಿಸಬೇಡಿ, ನಿಜವಾದ ಫೋಟೋಗಳು ಅಲ್ಲೇ ಬರುತ್ತವೆ, ಜೊತೆಗೆ ನಿಜವಾದ ಧ್ವನಿಮುದ್ರಣ ಕೂಡ.

ಇದೆಲ್ಲ ನಿಜವಾ ಅಂತ ಸಿನಿಮಾಗೆ ಮುಂಚೆ ಗೂಗಲ್ ಮಾಡಬೇಡಿ, ಮುಗಿದ ಮೇಲೆ ಮಾಡಿ. ಪೆಗ್ಗಿ ಹಾಡ್ಜ್‌ಸನ್ ಮತ್ತು ನಾಲ್ಕು ಮಕ್ಕಳು ನಿಜ. 1977ರ ಆಗಸ್ಟ್‌ನಲ್ಲಿ ಗಲಾಟೆ ಶುರುವಾಗಿದ್ದೂ ನಿಜ. ಕುರ್ಚಿ ತಾನೇ ಜಾರಿದ್ದನ್ನು ನೋಡಿದೆ ಅಂತ ಪೊಲೀಸ್ ಒಬ್ಬರು ಬರೆದುಕೊಟ್ಟಿದ್ದಾರೆ. ಆದರೆ ಅಲ್ಲಿ ತಿಂಗಳುಗಟ್ಟಲೆ ಕೂತು ತನಿಖೆ ಮಾಡಿದವರು ಮಾರಿಸ್ ಗ್ರಾಸ್ ಮತ್ತು ಗೈ ಲಯನ್ ಪ್ಲೇಫೇರ್, ವಾರೆನ್ ದಂಪತಿ ಸುಮ್ನೆ ಬಂದು ಹೋದವರು. ಕೆಲವು ಘಟನೆಗಳನ್ನು ನಾವೇ ಮಾಡಿದ್ದು ಅಂತ ಜಾನೆಟ್ ಆಮೇಲೆ ಒಪ್ಪಿಕೊಂಡಿದ್ದಾಳೆ, ಅವಳ ಪ್ರಕಾರ ಅಂಥವು ಶೇ. 2ರಷ್ಟು. ಮತ್ತೆ ಸಿನಿಮಾದಲ್ಲಿ ಕ್ರೈಸ್ತ ಸನ್ಯಾಸಿನಿಯ (ನನ್) ವೇಷದಲ್ಲಿ ಬರುವ ಆ ದೆವ್ವ? ಎನ್‌ಫೀಲ್ಡ್‌ನಲ್ಲಿ ಅವಳ ಸುಳಿವೇ ಇಲ್ಲ. ಮೊದಲು ಕೊಂಬಿನ ದೆವ್ವ ಇಟ್ಟು ಚಿತ್ರೀಕರಿಸಿ, ಸಮಾಧಾನವಾಗದೆ ಮರುಚಿತ್ರೀಕರಣದಲ್ಲಿ ವಾನ್ ಅವಳನ್ನು ತಂದಿದ್ದು.

ಎರಡನೇ ಸಲ ನೋಡುವವರಿಗೆ ಒಂದು ಕೆಲಸ ಇದೆ. ಆ ನನ್ ದೆವ್ವದ ಹೆಸರು ವಾರೆನ್ ಮನೆಯ ಕಪಾಟು, ಅಡುಗೆಮನೆ ಅಂತ ಹಲವು ಕಡೆ ಅಕ್ಷರವಾಗಿ ಕಣ್ಣೆದುರೇ ಇದೆ, ಹುಡುಕಿ. ಇನ್ನೂ ತೃಪ್ತಿ ಆಗದಿದ್ದರೆ 2023ರಲ್ಲಿ ಆ್ಯಪಲ್ ಟಿವಿಯಲ್ಲಿ ಬಂದ ಎನ್‌ಫೀಲ್ಡ್ ಸಾಕ್ಷ್ಯಚಿತ್ರ ಸರಣಿ ನೋಡಿ, ಗ್ರಾಸ್ ಮಾಡಿದ ಮೂಲ ಟೇಪುಗಳಿಗೇ ನಟರು ತುಟಿ ಆಡಿಸಿದ್ದಾರೆ. ಅದನ್ನು ಬೇಕಾದರೆ ಹಗಲಲ್ಲೇ ನೋಡಬಹುದು.