ಹಾವು ಸತ್ತರೆ ಮೊದಲು ಫ್ರಿಜ್, ಆಮೇಲೆ ಮಣ್ಣು

"ನಿನ್ನೆ ಚೆನ್ನಾಗೇ ಇತ್ತು, ಬೆಳಿಗ್ಗೆ ನೋಡಿದ್ರೆ ಸತ್ತಿದೆ." ಹಾವು ಸಾಕುವವರ ಬಾಯಲ್ಲಿ ಜಾಸ್ತಿ ಕೇಳುವ ಮಾತು ಇದು. ಹಾವು ಕಾಯಿಲೆಯನ್ನು ಅಷ್ಟು ಬೇಗ ತೋರಿಸುವುದಿಲ್ಲ. ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕುವುದೂ ಅದಕ್ಕೆ ಕಷ್ಟ, ಎಲ್ಲ ಒಳಗೇ ಕಟ್ಟಿಕೊಳ್ಳುತ್ತದೆ.

ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಎರಡು ಬಾಲ್ ಪೈಥಾನ್ (ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಇವೆ. (ಕೇರೆಹಾವು, ನಾಗರಹಾವಿನ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.) ನಾನು ನಂಬುವುದು ತಕ್ಕಡಿಯನ್ನು. ಹಾವನ್ನು ಡಬ್ಬಿಗೆ ಹಾಕಿ ತೂಗಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇದ್ದರೂ ತೂಕ ಅಷ್ಟಾಗಿ ಇಳಿಯದಿದ್ದರೆ ಗಾಬರಿ ಬೇಡ. ಇಲಿ ತಿಂದೂ ಇಳಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಬಾಯಂಚಲ್ಲಿ ಗುಳ್ಳೆ, ಉಸಿರಲ್ಲಿ ಟಿಕ್ ಟಿಕ್ ಸದ್ದು, ತಲೆ ಎತ್ತಿ ಸೂರನ್ನೇ ನೋಡುವುದು, ತಿಂದದ್ದನ್ನು ಕಕ್ಕುವುದು, ಹೊಟ್ಟೆಯಡಿಯ ಚರ್ಮ ಕೆಂಪಾಗುವುದು: ಇವು ಕಂಡರೆ ನಾಳೆಗೆ ಇಡಬೇಡಿ.

ಬೆಂಗಳೂರಿನ ಡಿಸೆಂಬರ್ ರಾತ್ರಿ ನಮಗೆ ಹಿತ, ಅವಕ್ಕಲ್ಲ. ಪೆಟ್ಟಿಗೆಯ ಬಿಸಿ ಮೂಲೆ 31-32 ಡಿಗ್ರಿ ಇರಲಿ. ಆ ರೂಮಿನಲ್ಲಿ ಜಿರಳೆ ಸ್ಪ್ರೇ ಹೊಡೆಯಬೇಡಿ. ಹೊಸ ಹಾವು ತಂದರೆ 90 ದಿನ ಬೇರೆ ರೂಮು, ಬೇರೆ ಇಕ್ಕಳ.

ಇನ್ನು ಸತ್ತಾಗ. ಯಾಕೆ ಸತ್ತಿತು ಅಂತ ಗೊತ್ತಾಗಬೇಕಾದರೆ ಪೋಸ್ಟ್‌ಮಾರ್ಟಂ ಮಾಡಿಸಬೇಕು, ಹೆಣ ಅಲ್ಲಿಯತನಕ ಕೆಡಬಾರದು. ಆದರೆ ಮೊದಲು ಸತ್ತಿದೆಯಾ ಅಂತ ನೋಡಿ. ಹೀಟರ್ ಕೆಟ್ಟ ರಾತ್ರಿ ಹಾವು ಹೆಣದ ಹಾಗೇ ಬಿದ್ದಿರಬಹುದು. ನಿಧಾನಕ್ಕೆ ಬೆಚ್ಚಗೆ ಮಾಡಿ ನೋಡಿ, ಅನುಮಾನ ಇದ್ದರೆ ಡಾಕ್ಟರೇ ಎದೆಬಡಿತ ನೋಡಲಿ. ಸತ್ತದ್ದು ಖಚಿತ ಆದರೆ ಗ್ಲೌಸ್ ಹಾಕಿ ಎರಡು ಕವರಿನಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಫ್ರೀಜರ್ ಬೇಡವೇ ಬೇಡ. ಒಳಗಿನ ನೀರು ಮಂಜಾಗಿ ಜೀವಕೋಶ ಒಡೆದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಏನೂ ಸರಿಯಾಗಿ ಉಳಿಯುವುದಿಲ್ಲ. "ಅಡುಗೆಮನೆ ಫ್ರಿಜ್ಜಲ್ಲಿ ಹಾವಾ?" ಅಂತ ಅಮ್ಮ ಕೂಗಾಡುತ್ತಾರೆ, ಅದು ನ್ಯಾಯವೇ. ಥರ್ಮೋಕೋಲ್ ಪೆಟ್ಟಿಗೆಗೆ ಐಸ್ ಪ್ಯಾಕ್ ಹಾಕಿದರೂ ಆದೀತು. ಪಕ್ಕದ ಮನೆಯ ಆಂಟಿ ಸರ್ಪಸಂಸ್ಕಾರ ಮಾಡಿಸಿ ಅಂದರೆ, ಪೋಸ್ಟ್‌ಮಾರ್ಟಂ ಆದಮೇಲೆ ಅನ್ನಿ.

ಆದಷ್ಟು ಅದೇ ದಿನ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೂ ಮಾಡಿ, ಹಾವು ತೆಗೆದುಕೊಳ್ಳುತ್ತೀರಾ ಅಂತ ಕೇಳಿಕೊಂಡೇ ಹೊರಡಿ. ತೂಕದ ನೋಟ್‌ಬುಕ್ ಜೊತೆಗಿರಲಿ. ಅಂಟುರೋಗ ಇದ್ದರೂ ಇರಬಹುದು, ವರದಿ ಬರುವ ತನಕ ಉಳಿದ ಹಾವನ್ನು ಯಾರಿಗೂ ಮಾರಬೇಡಿ, ಸುಮ್ನೆ ಕೊಡಲೂ ಬೇಡಿ.