ಕರಾಟೆ ಮಿಸ್ ಮನೆಯವರಿಗೆ: ಗಂಡಂದಿರು ಮಾಡಬೇಕಾದ ಕೆಲಸಗಳು

ನನ್ನ ಹೆಂಡತಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುತ್ತಾಳೆ. ನಮ್ಮ ಮನೆ ಚಿತ್ರದುರ್ಗದಲ್ಲಿ. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಒಂದು ಬ್ಯಾಚ್, ಹಗಲಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯ ಶಾಲೆ, ಹಾಸ್ಟೆಲುಗಳು, ಸಂಜೆ ಐದರಿಂದ ಏಳೂವರೆ ತನಕ ಮತ್ತೆ ಊರಲ್ಲೇ ಎರಡು ಬ್ಯಾಚ್. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಮೊದಲ ಎರಡು ವರ್ಷ ನಾನು ಅವಳ ಬೆನ್ನಿಗೆ ನಿಂತಿದ್ದೇನೆ ಅಂದುಕೊಂಡಿದ್ದೆ. ಆದರೆ ನಾನು ಮಾಡುತ್ತಿದ್ದದ್ದು "ನೀನು ಹೋಗು, ನಂದೇನೂ ಅಭ್ಯಂತರ ಇಲ್ಲ" ಅನ್ನೋದು ಅಷ್ಟೇ. ಅಭ್ಯಂತರ ಇಲ್ಲ ಅಂದರೆ ಅನ್ನ ಬೇಯುವುದಿಲ್ಲವಲ್ಲ.

ಪರಿಚಯದ ಹುಡುಗನೊಬ್ಬನ ಹೆಂಡತಿ ಈಗ ಬ್ಲ್ಯಾಕ್ ಬೆಲ್ಟ್ ಮುಗಿಸಿ ಕ್ಲಾಸ್ ಶುರು ಮಾಡುತ್ತಿದ್ದಾಳೆ. ಮೊನ್ನೆ ಸಿಕ್ಕಾಗ "ಅಣ್ಣಾ, ನಾನೇನು ಮಾಡಬೇಕು?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಡಿಯಾರ ನೋಡಿ

ಈ ಕೆಲಸದ ಹೊತ್ತೂ ಮನೆಗೆಲಸದ ಹೊತ್ತೂ ಒಂದೇ. ಕಲಿಯುವವರು ಮಕ್ಕಳು, ಹಾಗಾಗಿ ಶಾಲೆಗೆ ಮುಂಚೆ ಒಂದು ಕ್ಲಾಸ್, ಶಾಲೆ ಬಿಟ್ಟ ಮೇಲೆ ಒಂದು ಕ್ಲಾಸ್. ಅಂದರೆ ತಿಂಡಿ, ಟಿಫಿನ್ ಡಬ್ಬಿ, ಮಕ್ಕಳ ಸ್ನಾನ, ಜಡೆ, ಸಂಜೆಯ ಹೋಂವರ್ಕ್, ರಾತ್ರಿ ಅಡುಗೆ, ಇವೆಲ್ಲ ಆಗಬೇಕಾದ ಹೊತ್ತಲ್ಲಿ ಅವಳು ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ "ಸಹಾಯ ಮಾಡ್ತೀನಿ" ಅನ್ನಬೇಡಿ. ಆ ಎರಡು ಹೊತ್ತನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ಪೂರ್ತಿ ಅಂದರೆ ಬೇಳೆ ಯಾವ ಡಬ್ಬಿಯಲ್ಲಿದೆ, ಮಗಳ ಸಾಕ್ಸ್ ಎಲ್ಲಿ, ನಾಳೆ ಯಾವ ಬಣ್ಣದ ಯೂನಿಫಾರ್ಮ್, ಇದೆಲ್ಲ ನಿಮಗೇ ಗೊತ್ತಿರಬೇಕು. ಮೂವತ್ತು ಮಕ್ಕಳ ಎದುರು ನಿಂತು, ಹಿಂದಿನಿಂದ ಕತ್ತು ಹಿಡಿದವನಿಂದ ಬಿಡಿಸಿಕೊಳ್ಳೋದು ಹೇಗೆ ಅಂತ ತೋರಿಸುತ್ತಿರುವಾಗ ಮನೆಯಿಂದ ಫೋನ್ ಬಂದರೆ ಅವಳ ಗಮನ ಹೋಗುತ್ತದೆ, ಅಷ್ಟರಲ್ಲಿ ಯಾವುದೋ ಮಗುವಿಗೆ ಪೆಟ್ಟಾಗಿರುತ್ತದೆ. ನಮ್ಮಲ್ಲೊಂದು ಕಟ್ಟುನಿಟ್ಟು ಇದೆ: ಕ್ಲಾಸ್ ಹೊತ್ತಲ್ಲಿ ನಾನು ಫೋನ್ ಮಾಡಿದರೆ ಅದು ಆಸ್ಪತ್ರೆಯ ವಿಷಯ. ಮಿಕ್ಕಿದ್ದೆಲ್ಲ ಅವಳು ಬಂದ ಮೇಲೆ.

ಇಲ್ಲಿ ಓಬವ್ವನ ಮಾತು ಬಾರದೇ ಇರುತ್ತಾ? ಹಾಸ್ಟೆಲ್ ಹುಡುಗಿಯರಿಗೆ ನಮ್ಮ ಸರ್ಕಾರ ಕೊಡಿಸುವ ಆತ್ಮರಕ್ಷಣಾ ತರಬೇತಿಗೆ ಇಟ್ಟಿರೋದೇ ಅವಳ ಹೆಸರು. ಕೋಟೆ ಕಾವಲಿನ ಗಂಡ ಮನೆಗೆ ಊಟಕ್ಕೆ ಬಂದಿದ್ದ, ಅವಳು ನೀರಿಗೆ ಹೋಗಿದ್ದಾಗ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರೋದು ಕಂಡಳು, ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ತಾನೇ ನಿಂತಳು. ಚಿಕ್ಕಂದಿನಿಂದ ಕೇಳಿದ ಕಥೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಕೋಟೆಗೆ ಹೋದಾಗೆಲ್ಲ ನನಗೆ ಆ ಊಟದ ತಟ್ಟೆಯೇ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಈಗ ಕಾವಲಿನಲ್ಲಿ ಅವಳಿದ್ದಾಳೆ, ಒಲೆಯ ಹತ್ತಿರ ನಾನಿದ್ದೇನೆ. ಅದು ಹೀಗಿರೋದು ನನಗೆ ತುಂಬಾ ಇಷ್ಟ.

ಊಟದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆ ತುಂಬಾ ತಿಂದು ಒದೆಯೋಕಾಗಲ್ಲ, ಖಾಲಿ ಹೊಟ್ಟೆಯಲ್ಲಿ ಎರಡು ಬ್ಯಾಚ್ ನಿಲ್ಲೋಕೂ ಆಗಲ್ಲ. ಬೆಳಿಗ್ಗೆ ಹೊರಡುವಾಗ ಒಂದು ಬಾಳೆಹಣ್ಣು ಅಥವಾ ಅರ್ಧ ಲೋಟ ರಾಗಿ ಅಂಬಲಿ ಸಾಕು, ತಿಂಡಿ ವಾಪಸ್ ಬಂದ ಮೇಲೆ. ಮಧ್ಯಾಹ್ನದ ಮುದ್ದೆ ಊಟಕ್ಕೂ ಸಂಜೆ ಕ್ಲಾಸಿಗೂ ನಡುವೆ ಎರಡು ಮೂರು ಗಂಟೆ ಬಿಡುವು ಇರಲಿ. ಹೊರಡುವ ಮುಂಚೆ ಹೆಸರುಕಾಳು ಉಸಲಿ ಒಂದು ಬಟ್ಟಲು. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಒಂದು ಬಾಟಲಿ ಬ್ಯಾಗಲ್ಲೇ ಇರಬೇಕು, ಅದನ್ನು ತುಂಬಿಸಿ ಇಡುವ ಕೆಲಸವೂ ನಿಮ್ಮದೇ.

ಕೈ ಹಿಡಿಯೋಕೆ ಕರೆದರೆ ಗಟ್ಟಿಯಾಗಿ ಹಿಡಿಯಿರಿ

ಇದು ಬೇರೆ ಕೆಲಸದವರ ಮನೆಗಳಲ್ಲಿ ಇರುವುದಿಲ್ಲ. ಹೊಸ ಪಾಠ ಕಲಿಸುವ ಮುಂಚೆ ಅವಳಿಗೆ ಯಾರ ಮೇಲಾದರೂ ಮಾಡಿ ನೋಡಬೇಕಲ್ಲ, ಮನೆಯಲ್ಲಿ ಇರೋದು ನಾವೇ.

ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. "ರೀ, ಬನ್ನಿ ಇಲ್ಲಿ, ನನ್ನ ಮಣಿಕಟ್ಟು ಹಿಡೀರಿ" ಅಂದಳು. ಒದ್ದೆ ಕೈ ಒರೆಸಿಕೊಂಡು ಹಿಡಿದೆ. ನೋವಾಗದಿರಲಿ ಅಂತ ಮೆಲ್ಲಗೇ ಹಿಡಿದೆ. ಅವಳು ಒಂದೇ ಸಲಕ್ಕೆ ಬಿಡಿಸಿಕೊಂಡಳು, ಆದರೆ ಖುಷಿಯಾಗಲಿಲ್ಲ. "ಹೂವು ಹಿಡಿದ ಹಾಗೆ ಹಿಡಿದರೆ ನಾನು ಆ ಮಕ್ಕಳಿಗೆ ಸುಳ್ಳು ಕಲಿಸಿದ ಹಾಗಾಗುತ್ತೆ" ಅಂದಳು. ಎರಡನೇ ಸಲ ಗಟ್ಟಿಯಾಗಿ ಹಿಡಿದೆ. ಹಿಂದಕ್ಕೆ ಎಳೆದಳು, ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ, ಯಾಕಂದರೆ ಹೆದರಿದ ಮಗು ಮೊದಲು ಮಾಡೋದು ಹಿಂದಕ್ಕೆ ಎಳೆಯೋದನ್ನೇ. ಆಮೇಲೆ ನಿಧಾನವಾಗಿ ಮಾಡಿ ತೋರಿಸಿದಳು. ಎಂಥ ಗಟ್ಟಿ ಹಿಡಿತವಾದರೂ ಹೆಬ್ಬೆರಳೂ ಬೆರಳ ತುದಿಗಳೂ ಕೂಡುವ ಕಡೆ ಒಂದು ಸಂದು ಇರುತ್ತದೆ. ಹಿಂದಕ್ಕೆ ಎಳೆಯುವ ಬದಲು ಒಂದು ಹೆಜ್ಜೆ ಮುಂದೆ ಹೋಗಬೇಕು, ಮಣಿಕಟ್ಟಿನ ತೆಳು ಅಂಚು ಆ ಸಂದಿಗೆ ಬರುವ ಹಾಗೆ ಕೈ ತಿರುಗಿಸಬೇಕು, ಮೊಣಕೈಯನ್ನು ಎದುರಿನವನ ಕಡೆ ತಂದು ಅವನ ಹೆಬ್ಬೆರಳಿನ ಕಡೆಯಿಂದ ಕಿತ್ತುಕೊಳ್ಳಬೇಕು. ಬಾಯಿ ಬಿಟ್ಟು ಕೂಗೋದು ಇದಕ್ಕೆಲ್ಲ ಮುಂಚೆ. ಕೈ ಬಿಟ್ಟುಕೊಂಡ ತಕ್ಷಣ ಓಡಬೇಕು, ನಿಂತು ಹೊಡೆದಾಡೋದಲ್ಲ. ಆ ರಾತ್ರಿ ನನ್ನ ಹಿಡಿತದ ಎದುರು ಕೆಲಸ ಮಾಡದ ಇನ್ನೊಂದು ವರಸೆಯನ್ನು ಅವಳು ಆರನೇ ಕ್ಲಾಸಿನವರ ಪಾಠದಿಂದಲೇ ತೆಗೆದುಹಾಕಿದಳು.

ಹಾಗಾಗಿ ಹೀಗೆ ಮಾಡಿ. ನಿಜವಾಗಿ ಹಿಡಿಯಿರಿ, ಆದರೆ ಅವಳು ಮುಂದೇನು ಮಾಡುತ್ತಾಳೆ ಅಂತ ಗೊತ್ತಿದ್ದುಕೊಂಡು ಅದನ್ನು ತಡೆಯೋ ಹಟ ಬೇಡ. ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು, ಇದು ಇಬ್ಬರಿಗೂ. ಬೀಳೋದನ್ನು ಮೊದಲು ಅವಳಿಂದಲೇ ಕಲಿಯಿರಿ: ಗದ್ದ ಎದೆಗೆ ಒತ್ತಿರಬೇಕು, ಅಂಗೈ ಊರಬಾರದು, ಊರಿದರೆ ಮಣಿಕಟ್ಟು ಮುರಿಯುತ್ತದೆ. ಕೆಳಗೆ ಚಾಪೆ ಸಾಲದು, ಮ್ಯಾಟ್ ಹಾಕಿ ಅಥವಾ ಹಾಸಿಗೆ ಎಳೆದುಕೊಳ್ಳಿ. ನೆಂಟರು ಬಂದಾಗ ಮಾತ್ರ "ಎಲ್ಲಿ, ನನ್ನ ಬೀಳಿಸು ನೋಡೋಣ" ಅನ್ನಬೇಡಿ. ಅವಳ ವಿದ್ಯೆ ಮನೆಗೆ ಬಂದವರ ಮನರಂಜನೆಗೆ ಇರೋದಲ್ಲ.

ಬಟ್ಟೆ, ಪೆಟ್ಟು, ಗಂಟಲು

ಕರಾಟೆ ಡ್ರೆಸ್ ಅವತ್ತೇ ರಾತ್ರಿ ತಣ್ಣೀರಲ್ಲಿ ಒಗೆಯಿರಿ. ಬಿಸಿನೀರು ಹಾಕಿದರೆ ಹತ್ತಿ ಬಟ್ಟೆ ಕುಗ್ಗುತ್ತದೆ. ಬೆಲ್ಟನ್ನು ಕೇಳದೆ ಒಗೆಯಬೇಡಿ, ಅದನ್ನು ನೀರಿಗೆ ಹಾಕದವರು ಬಹಳ ಜನ ಇದ್ದಾರೆ, ಗಾಳಿಗೆ ನೇತುಹಾಕಿದರೆ ಸಾಕು. ಪ್ಯಾಡುಗಳನ್ನು ಒರೆಸಿ ನೆರಳಲ್ಲಿ ಒಣಗಿಸಿ, ಬೆವರಿನ ಸಮೇತ ಬ್ಯಾಗಲ್ಲಿ ಮುಚ್ಚಿಟ್ಟರೆ ನಾಳೆ ಅವೇ ಇಪ್ಪತ್ತು ಮಕ್ಕಳ ಕೈಗೆ ಹೋಗುತ್ತವೆ. ಮ್ಯಾಟಿನಿಂದ ಹುಳುಕಡ್ಡಿ ಹತ್ತೋದು ಮಾಮೂಲು. ಆಗ ಮೆಡಿಕಲ್ ಶಾಪಲ್ಲಿ ಕೇಳಿ ಯಾವುದೋ ಟ್ಯೂಬ್ ತಂದು ಹಚ್ಚಬೇಡಿ. ಸ್ಟೀರಾಯ್ಡ್ ಬೆರೆಸಿದ ಮುಲಾಮು ಆದರೆ ನಾಲ್ಕು ದಿನ ತುರಿಕೆ ಕಡಿಮೆಯಾದ ಹಾಗೆ ಕಾಣುತ್ತದೆ, ಆಮೇಲೆ ಜಾಸ್ತಿಯಾಗಿ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ನಮ್ಮ ಕಡೆ ಪೆಟ್ಟಾದ ತಕ್ಷಣ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಮೊದಲ ಎರಡು ದಿನ ಅದು ಬೇಡವೇ ಬೇಡ, ಊತ ಜಾಸ್ತಿಯಾಗುತ್ತದೆ. ಕಾಲೂರೋಕೆ ಆಗದಿದ್ದರೆ ಎಕ್ಸ್‌ರೇ ತೆಗೆಸಿ, ಅವಳು "ಏನಿಲ್ಲ ಬಿಡಿ" ಅಂದರೂ ಕರೆದುಕೊಂಡು ಹೋಗಿ. ಇನ್ನು ಗಂಟಲು. ದಿನಕ್ಕೆ ಮೂರು ನಾಲ್ಕು ತಾಸು ಕೂಗಿ ಕಲಿಸುವವಳಿಗೆ ರಾತ್ರಿ ಹೊತ್ತಿಗೆ ಧ್ವನಿ ಇರುವುದಿಲ್ಲ. ಒಂದು ಸೀಟಿ, ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ಕೊಡಿಸಿ. ನಾನು ನಾಲ್ಕು ವರ್ಷ ತಡ ಮಾಡಿದೆ.

ಬಸ್ಸು ಮತ್ತು ಬಿಲ್ಲು

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ಶಾಲೆಗಳಿಗೆ ಹೋಗೋ ಖರ್ಚು ಅವಳಿಗೆ ಬಹಳ ಕಡಿಮೆಯಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಆ ಬಸ್ಸು ಎಲ್ಲ ಹಳ್ಳಿಗೂ ಬೇಕಾದ ಹೊತ್ತಿಗೆ ಸಿಗಲ್ಲ, ಕೆಲವು ದಿನ ಹೈವೇ ತನಕ ಬೈಕಲ್ಲಿ ಬಿಡೋದು, ಕರೆದುಕೊಂಡು ಬರೋದು ಇದ್ದೇ ಇರುತ್ತದೆ. "ಅವಳಿಗೆ ಕರಾಟೆ ಬರುತ್ತೆ, ಅವಳಿಗೇನು ಭಯ" ಅಂತ ಜನ ಹೇಳುತ್ತಾರೆ, ನೀವು ಹೇಳಬೇಡಿ. ಕತ್ತಲಲ್ಲಿ ಒಬ್ಬಳೇ ನಿಲ್ಲೋ ಹಾಗಾಗದಂತೆ ನೋಡಿಕೊಳ್ಳೋದೇ ಅವಳು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ. ತಡವಾದ ದಿನ ಲೈವ್ ಲೊಕೇಶನ್ ಹಾಕಿಸಿಕೊಳ್ಳಿ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಮುಂಚೆ ಇರಿ.

ದುಡ್ಡಿನ ಲೆಕ್ಕ ನಿಮಗೂ ಗೊತ್ತಿರಲಿ. ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಶಾಲಾ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿಗೆ ಇಟ್ಟಿರೋದು ಒಂದು ಶಾಲೆಗೆ ತಿಂಗಳಿಗೆ 5,000 ರೂಪಾಯಿಯಂತೆ 3 ತಿಂಗಳು, ಅಂದರೆ ಒಟ್ಟು 15,000. ಅದು ಸಿಗಬೇಕಾದರೆ ಹಾಜರಾತಿ, ಫೋಟೋ, ಮುಖ್ಯ ಶಿಕ್ಷಕರ ಸಹಿ, ಸೀಲು ಎಲ್ಲ ಸರಿಯಿರಬೇಕು. ಒಂದು ಕಡೆ ಒಂದೇ ಒಂದು ಸಹಿ ಇಲ್ಲ ಅಂತ ಏಳು ತಿಂಗಳು ಬಿಲ್ ನಿಂತಿತ್ತು. ಆಮೇಲಿಂದ ಶಾಲೆಗೊಂದು ಫೈಲ್ ಮಾಡಿಟ್ಟಿದ್ದೇನೆ, ಪ್ರತಿ ಭಾನುವಾರ ಅರ್ಧ ಗಂಟೆ ಕೂತು ಕಾಗದ ಸೇರಿಸುತ್ತೇನೆ. ದುಡ್ಡು ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿದಿದ್ದಾರಾ ಅಂತ ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನೋಡೋದೂ ನಾನೇ. ಪರೀಕ್ಷೆ ಬಂದರೆ ಬ್ಯಾಚುಗಳು ಖಾಲಿಯಾಗುತ್ತವೆ, ಆ ತಿಂಗಳುಗಳಿಗೆ ಮುಂಚೆಯೇ ಸ್ವಲ್ಪ ಎತ್ತಿಡಿ.

ನೆಂಟರಿಗೆ ಉತ್ತರ ನೀವು ಕೊಡಿ

"ಹೆಣ್ಣುಮಗಳು ಕಾಲೆತ್ತಿ ಒದೆಯೋದಾ?" "ಅಷ್ಟು ಹೊತ್ತಿಗೆ ಮನೆಗೆ ಬರೋದಾ?" ಇಂಥವು ಬಂದೇ ಬರುತ್ತವೆ. ನಿಮ್ಮ ಕಡೆಯವರು ಅಂದರೆ ನೀವೇ ಉತ್ತರ ಕೊಡಬೇಕು, ಅದೂ ಅವಳ ಎದುರಿಗೇ. ನಮ್ಮಮ್ಮ ಮೊದಲು ಸೊಸೆಯನ್ನು ಕೇಳುತ್ತಿದ್ದರು. "ಅಮ್ಮಾ, ಸಂಜೆ ಅಡುಗೆ ನಂದು, ಏನಾದರೂ ಇದ್ದರೆ ನನ್ನನ್ನ ಕೇಳು" ಅಂತ ನಾಲ್ಕು ಸಲ ಹೇಳಿದ ಮೇಲೆ ನಿಂತಿತು. ಈಗ ಬೆಳಗಿನ ಬ್ಯಾಚಿಗೆ ಅಲಾರಾಂಗಿಂತ ಮುಂಚೆ ಅಮ್ಮನೇ ಎಬ್ಬಿಸುತ್ತಾರೆ. "ಹುಡುಗಿ ಯಾರಿಗಾದರೂ ಹೊಡೆದು ಕೇಸಾದರೆ?" ಅಂತ ಕೇಳುವವರಿಗೆ ಕಾನೂನನ್ನೂ ಹೇಳಿ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಪ್ರಕಾರ ಪ್ರಾಣ, ಮಾನ ಕಾಪಾಡಿಕೊಳ್ಳೋಕೆ ಮಾಡಿದ್ದು ಅಪರಾಧ ಅಲ್ಲ, ಆದರೆ ಎಷ್ಟು ಬೇಕೋ ಅಷ್ಟೇ ಮಾಡಿರಬೇಕು.

ಅವಳು ಸುಮ್ಮನೆ ಬಂದು ಕೂತ ದಿನ

ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದು, ಎಲ್ಲಕ್ಕಿಂತ ಮುಖ್ಯ ಅನ್ನಿಸೋದೂ ಇದೇ. ಆತ್ಮರಕ್ಷಣೆ ಕಲಿಸುವವರ ಹತ್ತಿರ ಮಕ್ಕಳು ಅಮ್ಮನಿಗೂ ಹೇಳದ ಮಾತು ಹೇಳುತ್ತಾರೆ. ಕ್ಲಾಸಲ್ಲಿ "ಯಾರಾದರೂ ಇಲ್ಲಿ ಮುಟ್ಟಿದರೆ ಕೂಗಿ" ಅಂತ ಹೇಳಿಕೊಟ್ಟಿರುತ್ತಾಳೆ, ಎಲ್ಲರೂ ಹೋದ ಮೇಲೆ ಒಂದು ಮಗು ಹಿಂದೆ ಉಳಿದಿರುತ್ತದೆ.

ಅಂಥದ್ದೊಂದು ಸಂಜೆ ಅವಳು ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಶೂ ಲೇಸ್ ಬಿಚ್ಚಿದ್ದಳು, ಶೂ ತೆಗೆದಿರಲಿಲ್ಲ. ನಾನು "ಯಾವ ಶಾಲೆ? ಯಾರ ಮಗಳು?" ಅಂತ ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು. ಆ ಪ್ರಶ್ನೆ ಕೇಳಲೇಬಾರದಿತ್ತು. ನಮ್ಮಂಥ ಊರಲ್ಲಿ ಒಂದು ಹೆಸರು ಗೊತ್ತಾದರೆ ಇಡೀ ಮನೆತನ ಗೊತ್ತಾಗುತ್ತದೆ, ಮಗುವಿನ ಗುರುತು ಹೊರಗೆ ಬರಬಾರದು ಅಂತ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಇರುವ 2012ರ ಪೋಕ್ಸೋ ಕಾಯ್ದೆಯಲ್ಲೇ ಇದೆ. ಹೆಸರು ಕೇಳಬೇಡಿ. ಅವಳಾಗಿ ಹೇಳಿದಷ್ಟು ಕೇಳಿಸಿಕೊಳ್ಳಿ, ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಅಮ್ಮನ ಹತ್ತಿರವೂ ಬೇಡ.

ಆದರೆ ಅವಳು ಸುಮ್ಮನಿರೋ ಹಾಗಿಲ್ಲ. ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. 1098 ಮಕ್ಕಳ ಸಹಾಯವಾಣಿ, ತುರ್ತಾದರೆ 112. ಆಗ ಊರಲ್ಲಿ ದೊಡ್ಡವರು ಅನ್ನಿಸಿಕೊಂಡವರಿಂದ ಫೋನ್ ಬರಬಹುದು, ಮುಂದಿನ ವರ್ಷ ಆ ಶಾಲೆ ಕೈತಪ್ಪಬಹುದು. ಅಂಥ ಹೊತ್ತಲ್ಲಿ ಗಂಡನ ಬಾಯಿಂದ "ನಿನಗ್ಯಾಕೆ ಊರ ಉಸಾಬರಿ" ಅನ್ನೋ ಮಾತು ಬರಬಾರದು. ಸ್ಟೇಷನ್ನಿಗೆ ಜೊತೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ. ಒಳಗೆ ಮಾತಾಡೋದು ಅವಳು. ಮಕ್ಕಳನ್ನು ಆ ರಾತ್ರಿ ನೀವೇ ಮಲಗಿಸಿ. ವಾರಗಟ್ಟಲೆ ಅವಳಿಗೆ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಿಕ್ಕ ದಿನಗಳಲ್ಲೂ ಅವಳು ಬಂದ ಮೊದಲ ಇಪ್ಪತ್ತು ನಿಮಿಷ ನಾನು ಏನೂ ಕೇಳುವುದಿಲ್ಲ. ಕರೆಂಟ್ ಬಿಲ್, ಮಗಳ ಮಾರ್ಕ್ಸು, ನಾಳೆಯ ತಿಂಡಿ, ಯಾವುದೂ ಬೇಡ. ಏಳೂಕಾಲಿಗೆ ಗೀಸರ್ ಹಾಕಿಡುತ್ತೇನೆ. ಸ್ನಾನ ಮಾಡಿ ಬಂದು, ತಲೆಗೆ ಟವೆಲ್ ಸುತ್ತಿಕೊಂಡು, ಅಡುಗೆಮನೆ ಕಟ್ಟೆಗೆ ಒರಗಿ "ಏನ್ರೀ ಸಾರು?" ಅಂತ ಅವಳು ಕೇಳಿದ ಮೇಲೆ ನಮ್ಮ ಮನೆಯ ಮಾತು ಶುರುವಾಗುತ್ತದೆ.