ಹಳೆ ಸೆಪ್ಟಿಕ್ ಟ್ಯಾಂಕ್ ಮುಚ್ಚಿಸುವುದು ಹೇಗೆ?

ಒಳಚರಂಡಿ ಸಂಪರ್ಕ ಬಂದ ಮೇಲೂ ಹಿತ್ತಿಲಿನ ಸೆಪ್ಟಿಕ್ ಟ್ಯಾಂಕ್ ಹಾಗೇ ಉಳಿದಿರುವ ಮನೆಗಳು ಹುಬ್ಬಳ್ಳಿ-ಧಾರವಾಡದಲ್ಲಿವೆ. ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ, ಬೈಕ್ ನಿಲ್ಲಿಸುತ್ತೇವೆ, ಮಕ್ಕಳು ಆಡುತ್ತಾರೆ. ಒಳಗಿನ ಅನಿಲ ಚಪ್ಪಡಿಯನ್ನೂ ಅದರ ಕಬ್ಬಿಣವನ್ನೂ ಕೆಳಗಿನಿಂದ ತಿನ್ನುತ್ತಿರುತ್ತದೆ. ಮೇಲೆ ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ಮುಚ್ಚಿಸುವುದೇ ಸರಿ, ಆದರೆ ಗೌಂಡಿಗೆ ಹೇಳಿ ಒಂದು ಟ್ರ್ಯಾಕ್ಟರ್ ಮಣ್ಣು ಸುರಿಸಿದರೆ ಮುಗಿಯುವ ಕೆಲಸವಲ್ಲ.

ಮೊದಲು ಮನೆಯ ಎಲ್ಲ ಶೌಚಾಲಯಗಳ ಪೈಪು ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿದೆಯೇ ನೋಡಿ. ಒಂದೊಂದರಲ್ಲೂ ಬಣ್ಣದ ನೀರು ಸುರಿದು, ರಸ್ತೆಯ ಪಕ್ಕದ ಚೇಂಬರಿನಲ್ಲಿ ಅದು ಬರುತ್ತದೆಯೇ ಗಮನಿಸಿದರೆ ಸಾಕು. ಮನೆಯ ಹಿಂದಿನ ಶೌಚಾಲಯವೊಂದು ಹಳೆ ಟ್ಯಾಂಕಿಗೇ ಉಳಿದುಬಿಟ್ಟಿರುವುದುಂಟು.

ಆಮೇಲೆ ಅಳತೆ. 8 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಟ್ಯಾಂಕಿನಲ್ಲಿ ಸುಮಾರು 5,600 ಲೀಟರ್ ಹಿಡಿಯುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ಹೊಲಸು ಹೀರುವ ಸಕ್ಕಿಂಗ್ ಗಾಡಿ ಎಷ್ಟು ಸಲ ಬರಬೇಕು ಎಂಬುದು ಕರೆ ಮಾಡುವಾಗಲೇ ತೀರ್ಮಾನವಾಗುತ್ತದೆ. ಗಾಡಿಗಾಗಿ ಮಹಾನಗರ ಪಾಲಿಕೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಗೆ 14420 ಸಹಾಯವಾಣಿಯೂ ಇದೆ. ಖಾಸಗಿಯವರಾದರೆ ಪರವಾನಗಿ ನೋಡಿ, ಪೈಪು ಹಿತ್ತಿಲವರೆಗೆ ಮುಟ್ಟುತ್ತದೆಯೇ ಕೇಳಿ. ತುಂಬಿಸಿಕೊಂಡದ್ದನ್ನು ಎಲ್ಲಿ ಖಾಲಿ ಮಾಡುತ್ತಾರೆ ಎಂದೂ ಕೇಳಲೇಬೇಕು. ನಾಲಾದ ದಂಡೆಯಲ್ಲೋ ಯಾರದೋ ಹೊಲದ ಬದುವಿನಲ್ಲೋ ಸುರಿಯುವವರಿಗೆ ಕೆಲಸ ಕೊಡಬೇಡಿ.

ಮುಖ್ಯ ವಿಷಯ ಇಲ್ಲಿದೆ. ತಳದ ಹೂಳು ಗಟ್ಟಿಯಾಗಿ ಯಂತ್ರ ಎಳೆಯದಿದ್ದಾಗ, 'ನಮ್ಮ ಹುಡುಗ ಇಳದ ತಗೀತಾನ್ರೀ, ಐದ್ ನಿಮಿಷದ ಕೆಲಸ' ಎನ್ನುವವರಿದ್ದಾರೆ. ಒಪ್ಪಲೇಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲವೆಂದು ಇಳಿದವನು ಕೆಲವೇ ಉಸಿರಿನಲ್ಲಿ ಕುಸಿಯಬಹುದು. ಅವನನ್ನು ಎತ್ತಲು ಇಳಿದವನೂ ಉಳಿಯುವುದಿಲ್ಲ. ದೀಪ ಇಳಿಬಿಟ್ಟು ಪರೀಕ್ಷಿಸುವುದೂ ಬೇಡ, ಒಳಗಿನ ಮಿಥೇನ್ ಹೊತ್ತಿಕೊಳ್ಳುತ್ತದೆ. ಹೂಳು ಗಟ್ಟಿಯಾಗಿದ್ದರೆ ಮೇಲಿನಿಂದ ಜೆಟ್ಟಿಂಗ್ ನೀರು ಹೊಡೆದು ಕಲಕಿ ಮತ್ತೆ ಎಳೆಯಬೇಕು. ಇನ್ನೊಂದು ಗಾಡಿಯ ಖರ್ಚು ಬರುತ್ತದೆ, ಬರಲಿ.

ರಕ್ಷಣಾ ಸಾಧನವಿಲ್ಲದೆ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಖಾಲಿಯಾದ ಮೇಲೆ ಸುಣ್ಣ ಚೆಲ್ಲಿ, ಬರುವ ಹೋಗುವ ಪೈಪುಗಳನ್ನು ಹೊರಗಿನಿಂದ ಅಗೆದು ಸಿಮೆಂಟಿನಿಂದ ಬಂದ್ ಮಾಡಿಸಿ. ಚಪ್ಪಡಿಯನ್ನು ಮೇಲಿನಿಂದಲೇ ಬ್ರೇಕರ್‌ನಲ್ಲಿ ಒಡೆಸಿ, ಸಾಧ್ಯವಾದರೆ ನೀರು ನಿಲ್ಲದಂತೆ ತಳಕ್ಕೂ ಮೇಲಿನಿಂದಲೇ ತೂತು ಮಾಡಿಸಿ. ಒಡೆಯುವವನು ಚಪ್ಪಡಿಯ ಮೇಲೆ ನಿಲ್ಲದೆ ಬದಿಯ ನೆಲದಲ್ಲಿ ನಿಲ್ಲಲಿ.

ತುಂಬಲು ಗರಸೇ (ಕಲ್ಲು ಬೆರೆತ ಗಡಸು ಮಣ್ಣು) ಬೇಕು. ಹುಬ್ಬಳ್ಳಿ ಕಡೆಯ ಎರೆ ಮಣ್ಣು ಪುಕ್ಕಟೆ ಸಿಗುತ್ತದೆಂದು ಹಾಕಿಸಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಪಕ್ಕದ ಗೋಡೆಯನ್ನೂ ಒತ್ತುತ್ತದೆ. ಅಡಿಗೊಂದು ಪದರ ಗರಸು ಹಾಕಿ, ನೀರು ಬಿಟ್ಟು, ಧಮ್ಮಸ್ ಬಡಿಸಿ ಗಟ್ಟಿ ಮಾಡಿಸಿ. ಒಂದು ಮಳೆಗಾಲ ಕಳೆಯಲಿ, ಕುಸಿದಲ್ಲಿ ಮತ್ತೆ ತುಂಬಿಸಿ. ಫರ್ಸಿ ಕಲ್ಲು ಹಾಕಿಸುವುದು ಆಮೇಲೆ.